ನಾಲ್ಕನೆಯ ಪ್ರಶ್ನೆ

ಮಾರ್ಚ್ 4, ಮಂಗಳವಾರ

ಡೆಂಜಿಲ್ ಮಾಮನ ಮನೆಗೆ ಬಂದು ಹನ್ನೊಂದು ದಿನವಾಯಿತು. ಅಮ್ಮನ ಅಣ್ಣ. ಚಿಕ್ಕಂದಿನಲ್ಲಿ ಬೇಸಿಗೆಗೊಮ್ಮೆ ನೋಡುತ್ತಿದ್ದೆ ಅನ್ನುವುದು ಬಿಟ್ಟರೆ ಹೆಚ್ಚು ಪರಿಚಯವಿಲ್ಲ. ಸಾಹಿತ್ಯದ ಪದವಿ ಮುಗಿಸಿ ಎಂಟು ತಿಂಗಳಲ್ಲಿ ಇಪ್ಪತ್ತಮೂರು ಕಡೆ ಅರ್ಜಿ ಹಾಕಿದ್ದೇನೆ. ಐದು ಕಡೆಯಿಂದ ಇಲ್ಲ ಎಂದು ಉತ್ತರ ಬಂತು, ಉಳಿದವರು ಅಷ್ಟೂ ಮಾಡಲಿಲ್ಲ. ನಾನು ಕೋಣೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದಾಗ ಅಮ್ಮ, ಮಾಮನಿಗೆ ಜೊತೆಯಾಗಿರು ಎಂದು ಇಲ್ಲಿಗೆ ಕಳಿಸಿದಳು. ಅವರಿಗೆ ನನ್ನನ್ನು ಜೊತೆಗೆ ಕಳಿಸಿದಳೋ, ನನಗೆ ಅವರನ್ನೋ, ಕೇಳಲಿಲ್ಲ.

ಸಮುದ್ರ ಎರಡೇ ಮೈಲಿ. ಆದರೆ ಕಾಣುವುದಿಲ್ಲ, ನಡುವೆ ಗುಡ್ಡ. ಡಾರ್ಸೆಟ್ ಜಿಲ್ಲೆಯ ಈ ಮೂಲೆ ಯಾರೋ ಕಾಲಿನಿಂದ ಒದ್ದು ಎದ್ದುಹೋದ ಕಂಬಳಿಯ ಹಾಗಿದೆ, ಎಲ್ಲಿ ನೋಡಿದರೂ ಮಡಿಕೆ. (ಈ ಹೋಲಿಕೆ ಪರವಾಗಿಲ್ಲ. ಎಲ್ಲಿಯಾದರೂ ಬಳಸಬೇಕು.)

ಮಾಮ ಮೂವತ್ತು ವರ್ಷ ಈ ಕಡೆಯ ಹಳ್ಳಿಗಳಿಗೆ ಅಂಚೆ ಹಂಚಿದವರು. ಮಾತು ಕಡಿಮೆ. ಚಹಾ ಸುರಿಯುವಾಗ ಕಪ್ಪಿನ ಅಂಚಿನೊಳಗೆ ಒಂದು ಬೆರಳು ಇಟ್ಟುಕೊಳ್ಳುತ್ತಾರೆ. ಒಬ್ಬರೇ ಇದ್ದವರ ಅಭ್ಯಾಸ ಇರಬೇಕು. ಆ ಚಹಾ ಕುಡಿಯಲು ನನಗೆ ಸ್ವಲ್ಪ ಹಿಂಜರಿಕೆ.

ಮಾರ್ಚ್ 9, ಭಾನುವಾರ

ಸೈಕಲ್ ಕ್ಲಬ್ಬಿನ ಕಾರ್ಯದರ್ಶಿ ಮ್ಯೂರಿಯಲ್ ಸ್ಟೋಟ್ ಬಂದಿದ್ದರು. ಅರವತ್ತೈದು ದಾಟಿರಬಹುದು, ಗಂಟಲು ಗಟ್ಟಿ, ಕಾಲಿಗೆ ಸೈಕಲ್ ಬೂಟು, ಅಡುಗೆಮನೆಯ ಕಲ್ಲಿನ ಮೇಲೆ ಟಕಟಕ ಎನ್ನುತ್ತ ಓಡಾಡಿದರು. ಮೇ ನಾಲ್ಕಕ್ಕೆ ಕ್ಲಬ್ಬಿನ ವಸಂತ ಸವಾರಿ. ಅರವತ್ತೆರಡು ಮೈಲಿ, ಎಲ್ಲವೂ ಒಳದಾರಿಗಳಲ್ಲಿ. ಆ ದಾರಿಯನ್ನು ಮೂವತ್ತನಾಲ್ಕು ವರ್ಷದಿಂದ ಮಾಮನೇ ಹೆಣೆಯುತ್ತಿರುವುದು.

ಕ್ರಮ ಹೀಗಂತೆ. ಪ್ರತಿ ಸವಾರನಿಗೂ ಒಂದು ಕಾರ್ಡ್. ಅದರಲ್ಲಿ ದಾರಿ ಪೂರ್ತಿ ಮಾತಿನಲ್ಲಿ ಬರೆದಿರುತ್ತದೆ: ಚರ್ಚ್ ದಾಟಿ ಎಡಕ್ಕೆ, ಹಳ್ಳ ದಾಟಿ ನೇರಕ್ಕೆ. ನಡುವೆ ನಾಲ್ಕು ಕಡೆ ಒಂದೊಂದು ಪ್ರಶ್ನೆ. ಅಲ್ಲಿ ಯಾರೂ ನಿಂತು ಮುದ್ರೆ ಒತ್ತುವುದಿಲ್ಲ. ಆ ಬಾಗಿಲಿನ ಬಣ್ಣ ಯಾವುದು, ಈ ಕಂಬದ ಮೇಲೆ ಎಷ್ಟು ಮೈಲಿ ಬರೆದಿದೆ ಎಂದು ಕೇಳಿರುತ್ತದೆ. ಹೋದವನಿಗೆ ಮಾತ್ರ ಉತ್ತರ ಗೊತ್ತಿರುತ್ತದೆ. ದಾರಿ ವರ್ಷ ವರ್ಷ ಬದಲಾಗುತ್ತದೆ. ಒಂಬತ್ತು ವರ್ಷದಿಂದ ನಾಲ್ಕನೆಯ ಪ್ರಶ್ನೆ ಮಾತ್ರ ಬದಲಾಗಿಲ್ಲ.

ಸಂಘಟಕನು ಸವಾರಿಗೆ ಮುಂಚೆ ಇಡೀ ದಾರಿಯನ್ನು ತಾನೇ ತುಳಿದು ನೋಡಿ ಸಹಿ ಹಾಕಬೇಕು. ಮ್ಯೂರಿಯಲ್ ಆ ಕಾಗದವನ್ನು ಮೇಜಿನ ಮೇಲಿಟ್ಟರು.

"ಈ ಸಲ ನಿಜವಾಗ್ಲೂ ತುಳೀತೀಯಾ ಡೆಂಜಿಲ್? ಅಕ್ಟೋಬರ್‌ನಿಂದ ನಿನ್ನನ್ನ ಸೈಕಲ್ ಮೇಲೆ ನೋಡಿದೋರು ಯಾರೂ ಇಲ್ಲ."

"ಮಂಡಿ ನೋವು."

"ಯಾವ ಮಂಡಿ?"

"ಎರಡೂ."

ಅವರು ಹೋದ ಮೇಲೆ ಮಾಮ ಗೋಡೆಯ ಕಡೆ ಮುಖ ಮಾಡಿ ಕೇಳಿದರು, "ನಿಂಗೆ ಸೈಕಲ್ ಬರುತ್ತೇನೇ ಲಿನೆಟ್?"

ಬರುತ್ತೆ ಎಂದೆ. ಬರುವುದಿಲ್ಲ ಎಂದಿದ್ದರೆ ಚೆನ್ನಾಗಿತ್ತು.

ಮಾರ್ಚ್ 15, ಶನಿವಾರ

ಆಡ್ರಿ ಅತ್ತೆಯ ಹಸಿರು ಸೈಕಲ್. ಅತ್ತೆ ತೀರಿಕೊಂಡು ಈ ಬೇಸಿಗೆಗೆ ಹತ್ತು ವರ್ಷ. ಸರಪಳಿಗೆ ಎಣ್ಣೆ ಹಾಕಿ, ಸೀಟಿನ ಮೇಲಿನ ದೂಳನ್ನು ಅಂಗೈಯಿಂದಲೇ ಒರೆಸಿ ಕೊಟ್ಟರು.

ಮೂರು ವರ್ಷ ಕವಿತೆಗಳಲ್ಲಿ ಬೆಟ್ಟಗಳನ್ನು ಓದಿದ್ದೇನೆ. ಯಾವ ಕವಿಯೂ ಉಸಿರಾಟದ ಬಗ್ಗೆ ನಿಜ ಹೇಳಿಲ್ಲ. ಮೊದಲ ಏರಿನಲ್ಲೇ ಇಳಿದು ತಳ್ಳಿದೆ. ಎರಡನೆಯದರಲ್ಲೂ. ದಾರಿ ನೆಲಕ್ಕಿಂತ ಎಷ್ಟೋ ಅಡಿ ಕೆಳಗೆ, ಎರಡೂ ಬದಿಯ ಬೇಲಿ ತಲೆಯ ಮೇಲೆ ಸೇರಿಕೊಂಡಿದೆ, ನಡುವೆ ಹುಲ್ಲು ಬೆಳೆದಿದೆ. ಎದುರಿಗೆ ಟ್ರ್ಯಾಕ್ಟರ್ ಬಂತು. ಪಕ್ಕಕ್ಕೆ ಸರಿಯಲು ಜಾಗವಿಲ್ಲದೆ ಮುಳ್ಳಿನ ಬೇಲಿಗೆ ಬೆನ್ನು ಒತ್ತಿ ನಿಂತೆ. ಓಡಿಸುತ್ತಿದ್ದವನು ಒಂದು ಬೆರಳೆತ್ತಿದ. ಇಲ್ಲಿ ಅದೇ ನಮಸ್ಕಾರ.

ಮೊದಲ ಪ್ರಶ್ನೆ: ಹಳೆಯ ಪ್ರಾರ್ಥನಾಮಂದಿರದ ಬಾಗಿಲು ಯಾವ ಬಣ್ಣ? ಮಾಮ ವರ್ಷ ವರ್ಷದ ದಾರಿ, ಪ್ರಶ್ನೆ ಬರೆದಿಡುವ ಕಪ್ಪು ಪುಸ್ತಕದಲ್ಲಿ ಉತ್ತರ: ಹಸಿರು. ಆದರೆ ಅದೀಗ ಯಾರದೋ ಮನೆ. ಬಾಗಿಲು ಹಳದಿ, ಕಿಟಕಿಯಲ್ಲಿ ಬೆಕ್ಕು. ಹೊಸ ಬಣ್ಣವೇನಲ್ಲ, ಅಂಚಿನಲ್ಲಿ ಸುಲಿದಿದೆ. ಮಾಮ ಹೋದ ವಸಂತದಲ್ಲಿ ನೋಡಿದ್ದೆ ಎಂದಿದ್ದರು.

ಅಲ್ಲಿಂದಲೇ ವಾಪಸು ಬಂದೆ. ಹದಿನಾಲ್ಕು ಮೈಲಿ.

ಮಾರ್ಚ್ 16

ಮೆಟ್ಟಿಲು ಇಳಿಯಲಾಗುತ್ತಿಲ್ಲ. ಬಾಗಿಲಿನ ವಿಷಯ ಹೇಳಲಿಲ್ಲ. ಹೇಗೆ ಹೇಳುವುದು?

ಮಾರ್ಚ್ 27, ಗುರುವಾರ

ಹೇಳಿದೆ.

ಮಾಮ ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಅರ್ಧ ಬೆಣ್ಣೆ ತಟ್ಟೆಗೆ ಹೋಗಿತ್ತು. "ಹಳದೀನಾ," ಎಂದರು. ಆಮೇಲೆ ಚಾಕು ಕೆಳಗಿಟ್ಟರು.

"ನಿನ್ನ ಕಿವಿ ಕಾಣ್ತಿದೆ ನಂಗೆ. ನಿನ್ನ ಹಿಂದಿರೋ ಕ್ಯಾಲೆಂಡರ್ ಕಾಣ್ತಿದೆ. ನಿನ್ನ ಮುಖ ಕಾಣಲ್ಲ. ಯಾವುದನ್ನ ನೋಡ್ಬೇಕು ಅಂತೀನೋ ಅದೊಂದು ಕಾಣಲ್ಲ, ಅದರ ಸುತ್ತ ಇರೋದೆಲ್ಲ ಕಾಣುತ್ತೆ."

ಎರಡು ವರ್ಷದಿಂದ ಹೀಗೆ. ಕಣ್ಣಿನ ನಡುಭಾಗ ಸವೆಯುತ್ತಿದೆಯಂತೆ. ಔಷಧಿ ಇಲ್ಲ. ಕಪ್ಪಿನೊಳಗಿನ ಬೆರಳು ನೆನಪಾಗಿ ನನಗೆ ನಾಚಿಕೆಯಾಯಿತು.

ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡರು. ಮ್ಯೂರಿಯಲ್‌ಗೆ ಗೊತ್ತಾದರೆ ಈ ವರ್ಷವೇ ದಾರಿಯನ್ನು ಫೋನಿನ ನಕ್ಷೆಗೆ ಹಾಕಿ ಬೇರೆಯವರ ಕೈಗೆ ಕೊಟ್ಟುಬಿಡುತ್ತಾರೆ. ಫೋನು ಹತ್ತಿರದ ದಾರಿ ಹುಡುಕುತ್ತದೆ, ಹೋಲ್ಡನ್ ಗುಡ್ಡ ಹತ್ತಿಸುವುದಿಲ್ಲ. ಆ ಗುಡ್ಡದ ತುದಿಯಲ್ಲಿ, ಸಮುದ್ರಕ್ಕೆ ಮುಖ ಮಾಡಿ, ಅತ್ತೆಯ ನೆನಪಿಗೆ ಕ್ಲಬ್ಬಿನವರು ಹಾಕಿಸಿದ ಬೆಂಚು ಇದೆ. ಹಿತ್ತಾಳೆ ತಗಡಿನ ಮೇಲೆ ಬರೆದಿರುವುದು: 'ಆಡ್ರಿ ಲೋಡರ್ ಹೇಳುತ್ತಾಳೆ, ಇಲ್ಲಿ ಕೂತು ಉಸಿರು ತಗೊಳ್ಳಿ.' ನಾಲ್ಕನೆಯ ಪ್ರಶ್ನೆ ಅದೇ. ಇಲ್ಲಿ ಉಸಿರು ತಗೊಳ್ಳಿ ಅಂತ ಯಾರು ಹೇಳುತ್ತಾರೆ? ಎಲ್ಲರಿಗೂ ಉತ್ತರ ಗೊತ್ತು. ಆದರೂ ಯಾರೂ ಗುಡ್ಡ ತಪ್ಪಿಸುವುದಿಲ್ಲವಂತೆ.

"ಮುಂದಿನ ವರ್ಷ ಬಿಟ್ಟುಕೊಡ್ತೀನಿ. ಇದು ಹತ್ತನೇದು. ಇದೊಂದು ಸಲ ಎಲ್ಲರೂ ಅಲ್ಲಿ ಹೋಗಿ ಕೂತ್ಕೊಂಡು ಬರ್ಲಿ."

ಬ್ರೆಡ್ಡಿಗೆ ಬೆಣ್ಣೆ ಸವರಿಕೊಟ್ಟೆ.

ಏಪ್ರಿಲ್ 6, ಭಾನುವಾರ

ಮೂವತ್ತೊಂದು ಮೈಲಿ. ಎರಡನೆಯ ಪ್ರಶ್ನೆ ಸರಿ ಇದೆ: ದಾರಿಗಂಬದ ಮೇಲೆ ಎರಡೂಕಾಲು ಮೈಲಿ. ಮೂರನೆಯದು ಇಲ್ಲ. ಟೆಲಿಫೋನ್ ಡಬ್ಬಿಯೊಳಗಿನ ನಂಬರ್ ಕೇಳಿದ್ದರು. ಡಬ್ಬಿ ಇದೆ, ಫೋನಿಲ್ಲ. ಒಳಗೆ ಊರಿನವರು ಪುಸ್ತಕ ಜೋಡಿಸಿದ್ದಾರೆ, ತೇವಕ್ಕೆ ಉಬ್ಬಿವೆ. 'ಒಂದು ಒಯ್ಯಿರಿ, ಒಂದು ಇಡಿ' ಎಂದು ಚೀಟಿ. ಪ್ರಶ್ನೆ ಬದಲಿಸಿದೆ: ಡಬ್ಬಿಯ ಒಳಗೆ ಎಷ್ಟು ಕಪಾಟು? ನಾಲ್ಕು.

ಮಾಮ ಹೇಳಿದಂತೆ ಕಪ್ಪು ಪುಸ್ತಕದಲ್ಲಿ ಉತ್ತರಗಳನ್ನು ಬರೆದೆ. ಪೆನ್ಸಿಲ್ ಎತ್ತಿಕೊಂಡದ್ದು ಸದ್ದಿನಿಂದಲೇ ಗೊತ್ತಾಯಿತು ಅವರಿಗೆ.

"ಶಾಯಿ. ಪೆನ್ಸಿಲ್‌ನಲ್ಲಿ ಬರೆದ್ರೆ ನಿಂಗೇ ನಂಬಿಕೆ ಇಲ್ಲ ಅಂತ ಅರ್ಥ."

ಬೇಲಿಬುಡದಲ್ಲಿ ಪ್ರಿಮ್‌ರೋಸ್ ಹೂ ಬಿಟ್ಟಿವೆ. ಇಳಿಜಾರಿನ ಎರಡನೆಯ ತಿರುವಿನಲ್ಲಿ ಸಡಿಲ ಜಲ್ಲಿ. ಕಾರ್ಡ್‌ನಲ್ಲಿ ಎಚ್ಚರಿಕೆ ಹಾಕಬೇಕು. ಹಳ್ಳದಲ್ಲಿ ನೀರು ಗಾಲಿಯ ಅಚ್ಚಿನವರೆಗೆ.

ಏಪ್ರಿಲ್ 12, ಶನಿವಾರ

ಕೊನೆಯ ಭಾಗ. ಹೋಲ್ಡನ್ ಗುಡ್ಡದ ಬುಡದಲ್ಲಿ ಒಂದು ಹೊಲಮನೆ. ದಾರಿಯ ನಡುವೆ ಕಪ್ಪು ಬಿಳಿ ಕುರಿನಾಯಿ ಮಲಗಿತ್ತು. ನನ್ನನ್ನು ನೋಡಿ ಎದ್ದಿತು. ಬೊಗಳಲಿಲ್ಲ, ಹಲ್ಲು ತೋರಿಸಿತು. ನಾನು ಇಪ್ಪತ್ತು ನಿಮಿಷ ನಿಂತೆ. ಮನೆಯೊಳಗೆ ರೇಡಿಯೋ ಕೇಳಿಸುತ್ತಿತ್ತು. ಕೂಗಿ ಕರೆದಿದ್ದರೆ ಯಾರಾದರೂ ಬರುತ್ತಿದ್ದರು. ನನಗೆ ಕೂಗಲಾಗುವುದಿಲ್ಲ.

ಮೇಲೆ ನೋಡಿದರೆ ದಾರಿ ಗೋಡೆಗೆ ಒರಗಿಸಿದ ಏಣಿಯ ಹಾಗೆ. ನಾಲ್ಕಡಿ ಹೋದರೆ ಒಂದಡಿ ಏರು. ಬೆಂಚು ಎಲ್ಲಿ ಹೋಗುತ್ತದೆ, ಒಂಬತ್ತು ವರ್ಷದಿಂದ ಅಲ್ಲೇ ಇದೆ ಎಂದುಕೊಂಡೆ. ಹಿಂದಿರುಗಿ ಕೆಳಗಿನ ದೊಡ್ಡ ರಸ್ತೆಯಲ್ಲಿ ಮನೆಗೆ ಬಂದೆ.

"ಬೆಂಚು ನೋಡಿದ್ಯಾ?" ಮಾಮ ಬಾಗಿಲಲ್ಲೇ ಕೇಳಿದರು.

"ನೋಡಿದೆ."

"ಹೇಗಿದೆ?"

"ಚೆನ್ನಾಗಿದೆ. ಎಡಗೈ ಕಡೆ ಸ್ವಲ್ಪ ಪಾಚಿ ಹಿಡಿದಿದೆ."

"ಕೂತ್ಕೊಂಡ್ರೆ ಸಮುದ್ರ ಕಾಣುತ್ತಾ? ಮುಳ್ಳುಕಂಟಿ ಎತ್ತರ ಬೆಳೆದಿಲ್ವಾ?"

"ಕಾಣುತ್ತೆ. ದೂರದಲ್ಲಿ ಒಂದು ಹಡಗಿತ್ತು."

ಹಡಗನ್ನು ಯಾಕೆ ಸೇರಿಸಿದೆನೋ. ಕೇಳಿದ್ದಷ್ಟಕ್ಕೆ ಉತ್ತರ ಕೊಟ್ಟಿದ್ದರೆ ಸಾಕಿತ್ತು. ಮಾಮ ಮುಖ ಅರಳಿಸಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಬಹಳ ಹೊತ್ತು ಆ ಹಡಗನ್ನು ನೋಡುತ್ತಿದ್ದ ಹಾಗಿತ್ತು.

ಏಪ್ರಿಲ್ 13

ಬೇಸಿಗೆಯಲ್ಲಿ ಮಾಮ ಬೆಂಚಿನ ಪಾಚಿ ಕೆರೆದು ಎಣ್ಣೆ ಹಾಕುತ್ತಾರಂತೆ. ಉಜ್ಜುಕಾಗದ ಹುಡುಕಿ ತೆಗೆದು ಮೇಜಿನ ಮೇಲಿಟ್ಟಿದ್ದಾರೆ. ಮ್ಯೂರಿಯಲ್‌ರ ಕಾಗದದಲ್ಲಿ ನಾನು ಮಾಮನ ಬೆರಳನ್ನು ಸಹಿಯ ಗೆರೆಯ ಮೇಲಿಟ್ಟೆ, ಅವರು ಸಹಿ ಹಾಕಿದರು.

ಏಪ್ರಿಲ್ 21, ಸೋಮವಾರ

ಈಸ್ಟರ್ ರಜೆ. ಒಳದಾರಿಗಳಲ್ಲೂ ಕಾರುಗಳು. ಗುಡ್ಡದ ಕಡೆ ಹೋಗಿ ಬರೋಣ ಎಂದು ಹೊರಟೆ. ಹೊಲಮನೆಯ ತಿರುವಿನವರೆಗೆ ಹೋಗಿ ಹಿಂದಿರುಗಿದೆ.

ಏಪ್ರಿಲ್ 30, ಬುಧವಾರ

ಮಾಮನ ಜೊತೆ ಬಸ್ಸಿನಲ್ಲಿ ಕಣ್ಣಿನ ಆಸ್ಪತ್ರೆಗೆ ಹೋದೆ. ಗೋಡೆಯ ಮೇಲಿನ ಅಕ್ಷರಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ತೋರಿಸಿ ಏನು ಕಾಣುತ್ತದೆ ಎಂದು ಕೇಳಿದರು. "ಗೋಡೆ," ಎಂದರು ಮಾಮ. ವೈದ್ಯೆ ನಕ್ಕರು, ಮಾಮನೂ ನಕ್ಕರು. ಆರು ತಿಂಗಳು ಬಿಟ್ಟು ಬನ್ನಿ ಎಂದರು. ಬಂದರೆ ಏನು ಮಾಡುತ್ತೀರಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಬರುವಾಗ ಬಸ್ಸಿನಲ್ಲಿ ಮಾಮ ಕಿಟಕಿಯ ಪಕ್ಕ ಕೂತು ತಿರುವು ತಿರುವಿಗೂ ಊರಿನ ಹೆಸರು ಹೇಳುತ್ತ ಬಂದರು. ಒಂದೂ ತಪ್ಪಲಿಲ್ಲ. ಬಸ್ಸು ವಾಲುವುದರಿಂದಲೇ ಗೊತ್ತಾಗುತ್ತದಂತೆ.

ಅಮ್ಮ ಫೋನ್ ಮಾಡಿದ್ದಳು. ನಾನು ಅರ್ಜಿ ಹಾಕಿದ್ದ ಬ್ರಿಸ್ಟಲ್‌ನ ಯಾವುದೋ ಗ್ರಂಥಾಲಯದಿಂದ ಮನೆ ವಿಳಾಸಕ್ಕೆ ಪತ್ರ ಬಂದಿದೆಯಂತೆ. ನಾಳೆ ಕೇಳಿದರಾಯಿತು. ಇವತ್ತು ಕಾರ್ಡ್‌ಗಳನ್ನು ಮಡಿಚಬೇಕು.

ಮೇ 4, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಎಂಟಕ್ಕೆ ಊರಿನ ಸಭಾಭವನದಿಂದ ನಲವತ್ತೊಂದು ಜನ ಹೊರಟರು. ಮಾಮ ಒಳ್ಳೆಯ ಕೋಟು ಹಾಕಿ ಬಾಗಿಲಲ್ಲಿ ನಿಂತಿದ್ದರು. ಒಬ್ಬೊಬ್ಬರೂ ಅವರ ಭುಜ ತಟ್ಟಿ ಹೋದರು. ನಾನು ಮ್ಯೂರಿಯಲ್ ಜೊತೆ ಚಹಾದ ದೊಡ್ಡ ಪಾತ್ರೆ ತುಂಬಿಸಿ, ಸೇಬಿನ ಕೇಕು ಕತ್ತರಿಸಿದೆ.

ಮಧ್ಯಾಹ್ನ ಒಂದೂವರೆಗೆ ಮೊದಲು ಬಂದವರು ರಸ್ಸೆಲ್ ಎಂಬ ಹಳಬರು, ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವರು. ಮಾಮನ ಹತ್ತಿರ ಬರಲಿಲ್ಲ. ಹೆಲ್ಮೆಟ್ ಕೈಯಲ್ಲಿ ಹಿಡಿದು ನೇರವಾಗಿ ಮ್ಯೂರಿಯಲ್ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಮ್ಯೂರಿಯಲ್ ಮಾಮನ ಕಡೆ ನೋಡಿದರು. ಆಮೇಲೆ ನನ್ನ ಕಡೆ. ನಾನು ಕೇಕು ಕತ್ತರಿಸುತ್ತಲೇ ಇದ್ದೆ.

ನಂತರ ಬಂದವರೆಲ್ಲ ಹಾಗೇ. ಪೆಟ್ಟಿಗೆಯಲ್ಲಿ ಕಾರ್ಡ್ ಹಾಕುವುದು, ಮಾಮನಿಗೆ 'ಒಳ್ಳೆ ದಾರಿ ಡೆಂಜಿಲ್' ಎನ್ನುವುದು, ಅವರ ಕೈಗೆ ಒಂದು ಕಪ್ ಚಹಾ ಕೊಡುವುದು, ದೂರದ ಮೇಜಿಗೆ ಹೋಗಿ ಕೂರುವುದು. ನಾಲ್ಕು ಗಂಟೆಯ ಹೊತ್ತಿಗೆ ಮಾಮನ ಮುಂದೆ ಏಳು ಕಪ್ ಚಹಾ ಆರುತ್ತಿದ್ದವು. ನಲವತ್ತು ಜನ ತುಂಬಿದ ಭವನದಲ್ಲಿ ಚಮಚದ ಸದ್ದು ಕೇಳಿಸುತ್ತಿತ್ತು.

ಪದ್ಧತಿಯಂತೆ ಸಂಘಟಕನು ಎಲ್ಲರೆದುರು ಉತ್ತರ ನೋಡಿ ಮುದ್ರೆ ಒತ್ತಬೇಕು. ಕನ್ನಡಕ ಮನೆಯಲ್ಲಿ ಮರೆತೆ, ಈ ಹುಡುಗಿ ಓದುತ್ತಾಳೆ ಎಂದರು ಮಾಮ. ಮೊದಲ ಕಾರ್ಡ್ ತೆಗೆದೆ. ಹಳದಿ. ಎರಡೂಕಾಲು. ನಾಲ್ಕು. ನಾಲ್ಕನೆಯ ಪ್ರಶ್ನೆಯ ಮುಂದೆ: 'ಬೆಂಚು ಇಲ್ಲ. ಅಂಚು ಕುಸಿದಿದೆ. ಬೇಲಿ ಮಾತ್ರ.'

"ನಾಲ್ಕು?" ಎಂದರು ಮಾಮ, ಮುದ್ರೆ ಎತ್ತಿ ಹಿಡಿದು.

"ಆಡ್ರಿ," ಎಂದೆ.

ಮುದ್ರೆ ಬಿತ್ತು. ಎರಡನೆಯ ಕಾರ್ಡ್. 'ಬೆಂಚು ಕಾಣಲಿಲ್ಲ.' ಆಡ್ರಿ ಎಂದೆ. ಮೂರನೆಯದರಲ್ಲಿ ನಿಜವಾಗಿಯೂ ಆಡ್ರಿ ಎಂದೇ ಬರೆದಿತ್ತು. ಬೆಂಚಿಲ್ಲದ ಜಾಗದಲ್ಲಿ ನಿಂತು ಬರೆದಿದ್ದಾರೆ. ಹಾಗೆ ಬರೆದವರು ಹನ್ನೊಂದು ಜನ. ಏಳು ಜನ ಖಾಲಿ ಬಿಟ್ಟಿದ್ದರು. ಉಳಿದವರೆಲ್ಲ ಇದ್ದದ್ದನ್ನು ಬರೆದಿದ್ದರು. ಒಂದರಲ್ಲಿ 'ಕ್ಷಮಿಸು ಡೆಂಜಿಲ್' ಎಂದಷ್ಟೇ ಇತ್ತು. ನಾನು ನಲವತ್ತೊಂದು ಸಲ ಆಡ್ರಿ ಎಂದೆ. ಕೊನೆಕೊನೆಗೆ ಅದು ಹೆಸರಿನ ಹಾಗೆ ಕೇಳುತ್ತಿರಲಿಲ್ಲ. ಭವನದಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಅವರವರ ಕಾರ್ಡ್‌ನಲ್ಲಿ ಏನಿದೆಯೆಂದು ಅವರವರಿಗೆ ಗೊತ್ತು.

ಮನೆಗೆ ನಡೆದುಕೊಂಡು ಬಂದೆವು. ಮಾಮ ನನ್ನ ಮೊಣಕೈ ಹಿಡಿದಿದ್ದರು. ಚರ್ಚಿನ ಗೋಡೆ ದಾಟಿದ ಮೇಲೆ ಮಾತಾಡಿದರು.

"ನಲವತ್ತೊಂದು ಜನ. ಒಬ್ಬರೂ ತಪ್ಪಲಿಲ್ಲ."

"ಹೂಂ."

"ರಸ್ಸೆಲ್ ಹದಿನೆಂಟು ವರ್ಷದಿಂದ ಪೆನ್ಸಿಲ್ ಮರೆತು ಹೋಗ್ತಾನೆ. ಅವನೂ ಬರೆದಿದ್ನಾ?"

ನಾನು ಹೆಜ್ಜೆ ಬೇಗ ಹಾಕಿದೆ.

"ಯಾವಾಗ ಹೋಯ್ತೇ, ಬೆಂಚು?"

"ಗೊತ್ತಿಲ್ಲ ಮಾಮ. ನಾನು ಮೇಲೆ ಹೋಗ್ಲೇ ಇಲ್ಲ. ಕೆಳಗೆ ನಾಯಿ ಇತ್ತು."

ಎಷ್ಟೋ ಹೆಜ್ಜೆ ಆದಮೇಲೆ ಕೇಳಿದರು, "ಹಡಗು?"

"ಹಡಗೂ ಇಲ್ಲ."

ಮೊಣಕೈ ಬಿಡಲಿಲ್ಲ. ಬಿಟ್ಟಿದ್ದರೆ ದಾರಿ ಕಾಣುತ್ತಿರಲಿಲ್ಲ ಅವರಿಗೆ.

ಮೇ 5, ಸೋಮವಾರ

ಮಾಮ ಕುರ್ಚಿಯಿಂದ ಏಳಲಿಲ್ಲ. ಮೇಜಿನ ಮೇಲೆ ಉಜ್ಜುಕಾಗದ ಇನ್ನೂ ಇದೆ. ತೆಗೆದಿಡಲು ಹೋದೆ, ತೆಗೆದರೆ ಗೊತ್ತಾಗುತ್ತದೆ ಎಂದು ಬಿಟ್ಟೆ.

ಮಧ್ಯಾಹ್ನ ಮ್ಯೂರಿಯಲ್ ಉಳಿದ ಕೇಕು ತಂದರು. ಫೆಬ್ರವರಿಯ ಮಳೆಗೆ ಅಂಚು ಕುಸಿಯಿತಂತೆ. ಜಿಲ್ಲಾ ಆಡಳಿತದವರು ಬೇಲಿ ಹಾಕಿ ಹೋದರಂತೆ, ಯಾರಿಗೂ ತಿಳಿಸಲಿಲ್ಲ. ಮಾಮ ಕಣ್ಣಿನ ವಿಷಯ ತಾವೇ ಹೇಳಿದರು.

"ಗೊತ್ತಿತ್ತು ಕಣೋ," ಎಂದರು ಮ್ಯೂರಿಯಲ್. "ಕ್ರಿಸ್‌ಮಸ್‌ಗೆ ನೀನು ನನ್ನ ಗಂಡನ ಕೆನ್ನೆಗೆ ಮುತ್ತು ಕೊಟ್ಟು ಹಬ್ಬದ ಶುಭಾಶಯ ಮ್ಯೂರಿಯಲ್ ಅಂದೆ. ಅವನು ಇನ್ನೂ ಸುಧಾರಿಸಿಕೊಂಡಿಲ್ಲ."

ಮಾಮ ನಗಲಿಲ್ಲ. ಮ್ಯೂರಿಯಲ್ ಸ್ವಲ್ಪ ಹೊತ್ತು ಕೇಕಿನ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡಿದರು. ಸುಳ್ಳು ಸಹಿಯ ಬಗ್ಗೆ ಏನೂ ಹೇಳಲಿಲ್ಲ. ಮುಂದಿನ ವರ್ಷದ್ದು ಫೋನಿನ ನಕ್ಷೆಯಲ್ಲೇ ಆಗಲಿ ಅಂತ ಎಲ್ಲರ ಅಭಿಪ್ರಾಯ, ತುಳಿದು ನೋಡುವವರು ಯಾರೂ ಇಲ್ಲವಲ್ಲ ಎಂದರು.

"ಆಗ್ಲಿ," ಎಂದರು ಮಾಮ.

ಮೂವತ್ತನಾಲ್ಕು ವರ್ಷ. ಅಷ್ಟೇ ಮಾತು. ನಾನು ಅಲ್ಲೇ ನಿಂತಿದ್ದೆ. ತಪ್ಪು ನನ್ನದು ಎಂದು ಹೇಳಬಹುದಿತ್ತು. ಮ್ಯೂರಿಯಲ್‌ರ ಬೂಟಿನ ಟಕಟಕ ಗೇಟು ದಾಟುವವರೆಗೂ ಕೇಳಿಸಿಕೊಂಡೆ.

ಮೇ 6, ಮಂಗಳವಾರ

ಬೆಳಗ್ಗೆ ಏಳಕ್ಕೆ ಹೊರಟೆ. ಗೇಟಿನಿಂದ ಬಲಕ್ಕೆ. ಅರ್ಧ ಮೈಲಿಗೆ ಚರ್ಚ್, ಎಡಕ್ಕೆ ಇಳಿಜಾರು, ಜಲ್ಲಿ ಇದೆ. ಹಳ್ಳದಲ್ಲಿ ನೀರು ಕಡಿಮೆಯಾಗಿದೆ. ಕಾಡುಬೆಳ್ಳುಳ್ಳಿ ಸೊಪ್ಪಿನ ವಾಸನೆ ಬಂದ ಕಡೆ ಬಲಕ್ಕೆ. ಮಾಮನಿಗೆ ಈ ಗುರುತು ಸಾಕು. ಹೊಲಮನೆ ದಾಟಿ ನೇರ ಏರು. ಮೊದಲ ತಿರುವಿನವರೆಗೆ ನೆರಳು, ಆಮೇಲೆ ಬೇಲಿ ತಗ್ಗುತ್ತದೆ, ಎಡಗೆನ್ನೆಗೆ ಗಾಳಿ ಹೊಡೆದರೆ ಮುಕ್ಕಾಲು ಭಾಗ ಮುಗಿಯಿತು ಎಂದು ತಿಳಿಯಬೇಕು. ಕೊನೆಯ ನೂರು ಗಜ ಎಲ್ಲಕ್ಕಿಂತ ಕಡಿದು. ಮೇಲೆ ಹಳದಿ ಹೂ ಬಿಟ್ಟ ಮುಳ್ಳುಕಂಟಿ, ಮೊಣಕಾಲಿಗಿಂತ ಎತ್ತರವಿಲ್ಲ. ನಾಯಿ ಇತ್ತೋ ಇಲ್ಲವೋ, ಗಮನಿಸಲಿಲ್ಲ.

ಹೊಸ ತಂತಿ ಬೇಲಿ. ಅದರಾಚೆ ಮೂರು ಹೆಜ್ಜೆ ಹುಲ್ಲು, ಆಮೇಲೆ ಏನೂ ಇಲ್ಲ. ಕೆಳಗೆ ಕೆಂಪು ಮಣ್ಣು ಸಮುದ್ರದವರೆಗೆ ಜಾರಿ ಅಲ್ಲಿ ನೀರನ್ನೇ ಕಂದು ಮಾಡಿದೆ. ಬೆಂಚು ನಿಂತಿದ್ದ ಕಾಂಕ್ರೀಟು ಕಲ್ಲಿನ ಅರ್ಧ ಮಾತ್ರ ಉಳಿದಿದೆ, ಅಂಚಿನಾಚೆಗೆ ಚಾಚಿಕೊಂಡು. ಅದರಲ್ಲಿ ತುಕ್ಕು ಹಿಡಿದ ಬೋಲ್ಟುಗಳು. ಕೂರಲು ಏನೂ ಇರಲಿಲ್ಲ. ನಿಂತೇ ಉಸಿರು ತೆಗೆದುಕೊಂಡೆ. ಹಡಗಿರಲಿಲ್ಲ.

ಬಂದು ಮಾಮನಿಗೆ ಎಲ್ಲವನ್ನೂ ಹೇಳಿದೆ. ಮೂರು ಹೆಜ್ಜೆ ಹುಲ್ಲು, ಕಂದು ನೀರು, ಅರ್ಧ ಕಲ್ಲು. ಏನನ್ನೂ ಸೇರಿಸಲಿಲ್ಲ. ಅವರು ಎರಡು ಸಲ ಕೇಳಿಸಿಕೊಂಡರು. ಎರಡನೆಯ ಸಲ, ಎಲ್ಲೂ ಇಳಿದು ತಳ್ಳಲಿಲ್ವಾ ಎಂದು ನಡುವೆ ಕೇಳಿದರು. ಆಗಲೇ ನನಗೂ ಗೊತ್ತಾದದ್ದು, ಇಳಿದಿರಲಿಲ್ಲ.

"ಬೋಲ್ಟು ಎಷ್ಟಿವೆ?"

"ಎರಡು."

"ನಾಲ್ಕು ಹಾಕಿದ್ವಿ. ರಸ್ಸೆಲ್ ಒಂದನ್ನ ಸೊಟ್ಟ ಹೊಡೆದಿದ್ದ. ಅದಿದೆಯಾ?"

"ಒಂದು ಸೊಟ್ಟಗಿದೆ."

ಮಾಮ ಎದ್ದು, ಗೋಡೆ ಸವರಿಕೊಂಡು ಹೋಗಿ ಕಪ್ಪು ಪುಸ್ತಕ ತಂದು ನನ್ನ ಮುಂದಿಟ್ಟರು. ಫೋನಿನವರು ಏನು ಬೇಕಾದರೂ ಮಾಡಿಕೊಳ್ಳಲಿ, ಇದರಲ್ಲಿ ಮುಂದಿನ ವರ್ಷದ ಪುಟ ಖಾಲಿ ಇರಬಾರದು ಎಂದರು. ನಾಲ್ಕನೆಯ ಪ್ರಶ್ನೆ: ಗುಡ್ಡದ ತುದಿಯಲ್ಲಿ, ಬೇಲಿಯಾಚೆ, ಎಷ್ಟು ಬೋಲ್ಟು ಉಳಿದಿವೆ? ಪುಟದ ಕೆಳಗೆ 'ತುಳಿದು ನೋಡಿದವರು' ಎಂಬಲ್ಲಿ ನನ್ನ ಹೆಸರು ಬರೆಸಿದರು.

ಉತ್ತರ ಬರೆಯಲು ಶಾಯಿ ಪೆನ್ನಿನ ಮುಚ್ಚಳ ತೆಗೆದೆ. ಸದ್ದು ಕೇಳಿ ಮಾಮ ತಲೆ ಅಲ್ಲಾಡಿಸಿದರು.

"ಅದನ್ನ ಪೆನ್ಸಿಲ್‌ನಲ್ಲಿ ಬರಿ."